ಹರ್ಬಿ ಹ್ಯಾನ್‌ಕಾಕ್ ಅವರ ‘ಹೆಡ್ ಹಂಟರ್ಸ್’: ಎಲ್‌ಪಿ ಕೊಂಡು ಕೇಳಿದ ಮೇಲೆ

ಆರ್ಕೆಸ್ಟ್ರಾಗಳಲ್ಲಿ ಕೀಬೋರ್ಡ್ ನುಡಿಸುವ ನನಗೆ ಅಮೆರಿಕದ ಜಾಝ್ ಪಿಯಾನೊ ವಾದಕ ಹ್ಯಾನ್‌ಕಾಕ್ ಅವರ 1973ರ ಈ ಆಲ್ಬಂನಲ್ಲಿ ಮೊದಲು ಹಿಡಿಸಿದ್ದು ಬೇಸ್, ಅಂದರೆ ತಗ್ಗು ಸ್ವರಗಳ ನಾದ. ಮೊದಲ ಕೃತಿ ‘ಕಮೀಲಿಯನ್’ ಶುರುವಾಗುವಾಗ ಕೇಳುವ ಆ ದಪ್ಪ ನಾದ ಗಿಟಾರಿನದಲ್ಲ. ಹ್ಯಾನ್‌ಕಾಕ್ ಎಆರ್‌ಪಿ ಒಡಿಸ್ಸಿ ಎಂಬ ಸಿಂಥಸೈಜರ್‌ನಲ್ಲಿ (ವಿದ್ಯುತ್ತಿನಿಂದ ನಾದ ಹುಟ್ಟಿಸುವ ಕೀಬೋರ್ಡ್) ನುಡಿಸಿದ್ದು. ಅದೇ ಸಾಲು ಮತ್ತೆ ಮತ್ತೆ ಬರುತ್ತಿರುವಾಗಲೇ ಹಾರ್ವಿ ಮೇಸನ್ ಅವರ ಡ್ರಮ್ಸ್ ಬಂದು ಕೂಡಿಕೊಳ್ಳುತ್ತದೆ. 15 ನಿಮಿಷ ದಾಟುವ ಈ ಕೃತಿಯ ನಡುವೆ ನಡೆ ಬದಲಾಗಿ ಫೆಂಡರ್ ರೋಡ್ಸ್ ಎಂಬ ಎಲೆಕ್ಟ್ರಿಕ್ ಪಿಯಾನೊ ತೆರೆದುಕೊಳ್ಳುತ್ತದಲ್ಲ, ಇಡೀ ಎಲ್‌ಪಿಯಲ್ಲಿ ನನಗೆ ಅತಿ ಪ್ರಿಯವಾದ ಜಾಗ ಅದು. ವಾದ್ಯ ವಿದ್ಯುತ್ತಿನದಾದರೂ ಬೆರಳು ಜಾಝ್‌ನದೇ.

ಹ್ಯಾನ್‌ಕಾಕ್ ಹನ್ನೊಂದನೇ ವಯಸ್ಸಿಗೇ ಷಿಕಾಗೊ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ಮೊಜಾರ್ಟ್ ನುಡಿಸಿದವರು, ಕಾಲೇಜಿನಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಿದವರು, 1963ರಲ್ಲಿ ಜಾಝ್ ಟ್ರಂಪೆಟ್ ವಾದಕ ಮೈಲ್ಸ್ ಡೇವಿಸ್ ಅವರ ತಂಡ ಸೇರಿದವರು. ಅವರನ್ನು ಎಲೆಕ್ಟ್ರಿಕ್ ಪಿಯಾನೊ ಕಡೆ ತಿರುಗಿಸಿದ್ದೂ ಮೈಲ್ಸ್ ಅವರೇ.

ಆಲ್ಬಂನ ಎರಡನೇ ಕೃತಿ ‘ವಾಟರ್‌ಮೆಲನ್ ಮ್ಯಾನ್’ ಹ್ಯಾನ್‌ಕಾಕ್ ಅವರದೇ 1962ರ ರಚನೆ, ಇಲ್ಲಿ ಪೂರಾ ಹೊಸ ವೇಷ. ಆರಂಭದ ಕೊಳಲಿನಂಥ ಸದ್ದು ತಂಡದ ತಾಳವಾದ್ಯಗಾರ ಬಿಲ್ ಸಮ್ಮರ್ಸ್ ಬಿಯರ್ ಬಾಟಲಿಗೆ ಊದಿದ್ದು! ಮೂರನೇ ಕೃತಿ ‘ಸ್ಲೈ’ ಮಾತ್ರ ನನಗೆ ತುಸು ಗಡಿಬಿಡಿ ಅನ್ನಿಸಿತು.

ದಯವಿಟ್ಟು ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ, ಬೇಸೇ ಕೇಳಿಸುವುದಿಲ್ಲ. ಎಲ್‌ಪಿ ಪ್ಲೇಯರ್ ಇಲ್ಲದಿದ್ದರೆ ಒಳ್ಳೆಯ ಹೆಡ್‌ಫೋನ್ ಸಾಕು. ಹಿಡಿಸಿದರೆ ಮುಂದೆ 1983ರ ‘ಫ್ಯೂಚರ್ ಶಾಕ್’ ಕೇಳಿ. ಅದರ ‘ರಾಕಿಟ್’ನಲ್ಲಿ ಟರ್ನ್‌ಟೇಬಲ್ ಗೀಚುವುದೂ ಸಂಗೀತವೇ.