ಗ್ರಬ್ ರೆಸ್ಕ್ಯೂ ಬಂದಾಗ: ಕೈಯಾರೆ ರಿಪೇರಿ, ಬೂಟ್ ರಿಪೇರ್, ಸಿಎಚ್‌ರೂಟ್

ಕಾಸರಗೋಡಿನ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳು ಐಟಿ ಕಲಿಯುವುದು ಕೇರಳದ ಕೈಟ್ ಸಂಸ್ಥೆ ಒದಗಿಸುವ, ಉಬುಂಟು ಆಧಾರಿತ ಲಿನಕ್ಸಿನಲ್ಲಿ. ಪ್ರಾಯೋಗಿಕ ಪರೀಕ್ಷೆಗೆ ಮನೆಯಲ್ಲೂ ಅಭ್ಯಾಸವಾಗಲಿ ಎಂದು ಹಳೆಯ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಜೊತೆಗೇ ಅದನ್ನು ಹಾಕಿಸಿಕೊಂಡವರಿದ್ದಾರೆ. ಆಮೇಲೆ ಮನೆಯವರಲ್ಲಿ ಯಾರೋ ಜಾಗ ಸಾಲದೆಂದು ವಿಂಡೋಸಿನಲ್ಲಿ ಕುಳಿತು ಒಂದು ಪಾರ್ಟಿಷನ್ (ಡಿಸ್ಕಿನ ಒಂದು ಭಾಗ) ಅಳಿಸುತ್ತಾರೆ. ಮತ್ತೆ ಆನ್ ಮಾಡಿದರೆ ಕಪ್ಪು ಪರದೆಯ ಮೇಲೆ ‘ಗ್ರಬ್ ರೆಸ್ಕ್ಯೂ’ ಎಂಬ ಎರಡು ಪದ. ಗ್ರಬ್ ಎಂದರೆ ಆನ್ ಮಾಡಿದಾಗ ವಿಂಡೋಸೋ ಲಿನಕ್ಸೋ ಎಂದು ಮೆನು ತೋರಿಸಿ, ಆರಿಸಿದ್ದನ್ನು ತೆರೆಯುವ ಪುಟ್ಟ ತಂತ್ರಾಂಶ. ಅಂಥ ಯಂತ್ರಗಳು ನನ್ನ ಬಳಿ ಬರುತ್ತಲೇ ಇರುತ್ತವೆ. ‘ಫಾರ್ಮ್ಯಾಟ್ ಮಾಡಿ ಹೊಸದಾಗಿ ಹಾಕಿ’ ಎಂಬ ಸಲಹೆಯನ್ನು ನಾನು ಒಪ್ಪುವುದಿಲ್ಲ. ಮಗು ಮಾಡಿಟ್ಟ ಕೆಲಸವೆಲ್ಲ ಡಿಸ್ಕಿನಲ್ಲಿ ಹಾಗೆಯೇ ಇರುತ್ತದೆ.

ಆಗಿರುವುದು ಇಷ್ಟು. ಎಂಬಿಆರ್ ಎಂಬ ಹಳೆಯ ರೀತಿಯಲ್ಲಿ ಭಾಗ ಮಾಡಿದ ಡಿಸ್ಕಿನಲ್ಲಿ, ಒಂದು ದೊಡ್ಡ ಭಾಗದೊಳಗೆ ಮಾಡಿದ ಲಾಜಿಕಲ್ ಪಾರ್ಟಿಷನ್‌ಗಳ ಸಂಖ್ಯೆ 5ರಿಂದ ಶುರು. ಐದನೆಯದನ್ನು ಅಳಿಸಿದರೆ ಆರನೆಯದು ಐದಾಗುತ್ತದೆ. ಗ್ರಬ್ ಮಾತ್ರ ತನ್ನ ಕಡತಗಳನ್ನು ಆರರಲ್ಲೇ ಹುಡುಕುತ್ತದೆ. ಹೊಸ ರೀತಿಯ ಜಿಪಿಟಿ ಡಿಸ್ಕಿನಲ್ಲಿ ಸಂಖ್ಯೆಗಳು ಹೀಗೆ ಜಾರುವುದಿಲ್ಲ.

ನನ್ನ ಮೊದಲ ಆಯ್ಕೆ ಆ ಕಪ್ಪು ಪರದೆಯೇ. ‘ಎಲ್‌ಎಸ್’ ಎಂದು ಕೊಟ್ಟರೆ ಪಾರ್ಟಿಷನ್‌ಗಳ ಪಟ್ಟಿ ಬರುತ್ತದೆ. ಒಂದೊಂದನ್ನೂ ಅದೇ ಆದೇಶದಿಂದ ತೆರೆದು ನೋಡಬೇಕು. ವಿಂಡೋಸಿನವು ‘ಅನ್‌ನೋನ್ ಫೈಲ್‌ಸಿಸ್ಟಮ್’ ಎನ್ನುತ್ತವೆ. ಲಿನಕ್ಸಿನದು ಬೂಟ್, ಹೋಮ್, ಇಟಿಸಿ ಎಂದು ಫೋಲ್ಡರುಗಳನ್ನು ತೋರಿಸುತ್ತದೆ. ‘ಸೆಟ್’ ಆದೇಶದಿಂದ ರೂಟ್ (ಲಿನಕ್ಸ್ ಇರುವ ಪಾರ್ಟಿಷನ್) ಮತ್ತು ಪ್ರಿಫಿಕ್ಸ್ (ಗ್ರಬ್ಬಿನ ಕಡತಗಳಿರುವ ಜಾಗ) ಎರಡಕ್ಕೂ ಆ ಹೊಸ ಸಂಖ್ಯೆಯನ್ನು ಕೊಟ್ಟು, ‘ಇನ್ಸ್‌ಮಾಡ್ ನಾರ್ಮಲ್’, ಆಮೇಲೆ ‘ನಾರ್ಮಲ್’ ಎಂದರೆ ಹಳೆಯ ಮೆನು ಮೂಡುತ್ತದೆ. ಪಕ್ಕದಲ್ಲಿ ನಿಂತು ನೋಡುವ ಮಗುವಿನ ಮುಖ ಅರಳುವುದು ಆಗಲೇ. ಆದರೆ ಇದು ಆ ಒಂದು ಬಾರಿಗೆ ಮಾತ್ರ. ಲಿನಕ್ಸ್ ತೆರೆದ ಕೂಡಲೇ ಟರ್ಮಿನಲ್‌ನಲ್ಲಿ ‘ಗ್ರಬ್ ಇನ್‌ಸ್ಟಾಲ್’ ಕೊಟ್ಟರೆ ಖಾಯಂ ಆಗುತ್ತದೆ. ಅಲ್ಲಿ ಕೊಡಬೇಕಾದದ್ದು ಇಡೀ ಡಿಸ್ಕಿನ ಹೆಸರು, ಪಾರ್ಟಿಷನ್ನಿನದಲ್ಲ. ಪೆನ್‌ಡ್ರೈವ್ ಬೇಡ, ಇಂಟರ್ನೆಟ್ ಬೇಡ. ಜೂನ್-ಜುಲೈ ಮಳೆಯಲ್ಲಿ ಕರೆಂಟ್ ಯಾವಾಗ ಹೋಗುತ್ತದೆಂದು ಹೇಳಲಾಗದ ನಮ್ಮ ಕಡೆ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿಗೆ ಕ್ಷಣಗಳಲ್ಲಿ ಮುಗಿಯುವ ಈ ಕೆಲಸವೇ ಕ್ಷೇಮ. ಜಿಪಾರ್ಟೆಡ್ ಎಂಬ ತಂತ್ರಾಂಶದಲ್ಲಿ ಪಾರ್ಟಿಷನ್ ಸರಿಸುತ್ತಿರುವಾಗ ಕರೆಂಟ್ ಹೋದರೆ ಒಳಗಿನ ಕಡತಗಳೇ ಹಾಳಾಗಬಹುದು.

ಎರಡನೆಯ ದಾರಿ ಬೂಟ್ ರಿಪೇರ್ ಎಂಬ ತಂತ್ರಾಂಶ. ಇದು ಸುಲಭ. ಉಬುಂಟುವಿನ ಲೈವ್ ಪೆನ್‌ಡ್ರೈವ್‌ನಿಂದ (ಡಿಸ್ಕಿಗೆ ಹಾಕದೆ ನೇರವಾಗಿ ಉಬುಂಟು ನಡೆಸುವಂಥದು) ತೆರೆದು, ಅದನ್ನು ಇಳಿಸಿಕೊಂಡು, ಶಿಫಾರಸು ಮಾಡಿದ ರಿಪೇರಿಯ ಗುಂಡಿ ಒತ್ತಿದರಾಯಿತು. ಫೋನಿನಲ್ಲಿ ದಾರಿ ಹೇಳಬೇಕಾದಾಗ ನಾನು ಇದನ್ನೇ ಹೇಳುತ್ತೇನೆ. ಆದರೆ ಇಳಿಸಿಕೊಳ್ಳಲು ನೆಟ್ ಬೇಕು. ಗುಡ್ಡದ ಬುಡದ ಮನೆಗಳಲ್ಲಿ ಅದೇ ದೊಡ್ಡ ಕಷ್ಟ. ಏನು ಕೆಟ್ಟಿತ್ತು, ಏನು ಸರಿಯಾಯಿತು ಎಂಬುದು ಗುಂಡಿ ಒತ್ತಿದವರಿಗೆ ತಿಳಿಯುವುದೂ ಇಲ್ಲ. ಕಲಿಯುವ ಮಗು ಎದುರಿಗಿರುವಾಗ ಇದು ನನಗೆ ನಿಜಕ್ಕೂ ಕೊರತೆಯೆನಿಸುತ್ತದೆ.

ವಿಂಡೋಸ್ ಮತ್ತೆ ಹಾಕಿಸಿ ಗ್ರಬ್ಬೇ ಕಾಣೆಯಾಗಿದ್ದರೆ ಮೊದಲ ದಾರಿ ಮುಚ್ಚಿತು. ಆಗ ಲೈವ್ ಪೆನ್‌ಡ್ರೈವ್‌ನಿಂದ ಲಿನಕ್ಸ್ ಪಾರ್ಟಿಷನ್ ಮೌಂಟ್ ಮಾಡಿ (ಬಳಕೆಗೆ ತೆರೆದು), ಡೆವ್, ಪ್ರಾಕ್, ಸಿಸ್ ಎಂಬ ಮೂರು ಫೋಲ್ಡರುಗಳನ್ನೂ ಅದಕ್ಕೆ ಬೈಂಡ್ ಮಾಡಿ (ಜೋಡಿಸಿ), ಸಿಎಚ್‌ರೂಟ್ ಎಂಬ ಆದೇಶದ ಮೂಲಕ ಡಿಸ್ಕಿನ ಲಿನಕ್ಸಿನ ಒಳಹೊಕ್ಕು ಗ್ರಬ್ ಕೂರಿಸುವುದು. ಟೈಪಿಂಗ್ ಹೆಚ್ಚು, ನೆಟ್ ಬೇಡ. ಬೂಟ್ ರಿಪೇರ್‌ಗಿಂತ ನನಗೆ ಇದರ ಮೇಲೇ ನಂಬಿಕೆ.

ಇಲ್ಲಿಗೆ ಬಂದವರಿಗೆ ಒಂದು ಗಾಬರಿ ಕಾದಿರುತ್ತದೆ: ಉಬುಂಟು 22.04ರಲ್ಲಿ ‘ಅಪ್‌ಡೇಟ್ ಗ್ರಬ್’ ಕೊಟ್ಟ ಮೇಲೆ ಮೆನುವಿನಿಂದ ವಿಂಡೋಸ್ ಮಾಯವಾಗಬಹುದು. ಗ್ರಬ್ 2.06ರಿಂದ ಡಿಸ್ಕಿನಲ್ಲಿ ವಿಂಡೋಸಿನಂಥವನ್ನು ಹುಡುಕಿ ಮೆನುವಿಗೆ ಸೇರಿಸಲು ನೆರವಾಗುವ ಓಎಸ್ ಪ್ರೋಬರ್ ತಾನಾಗಿ ಓಡುವುದಿಲ್ಲ. ಗ್ರಬ್‌ನ ಡೀಫಾಲ್ಟ್ ಕಡತದಲ್ಲಿ ಅದರ ತಡೆಯನ್ನು ‘ಫಾಲ್ಸ್’ ಎಂದು ಬರೆದು ಮತ್ತೊಮ್ಮೆ ಅಪ್‌ಡೇಟ್ ಮಾಡಬೇಕು. ಅಳಿದುಹೋದದ್ದು ಸ್ವಾಪ್ ಪಾರ್ಟಿಷನ್ (ಮೆಮೊರಿ ಸಾಲದಾಗ ಲಿನಕ್ಸ್ ಬಳಸುವ ಜಾಗ) ಆಗಿದ್ದರೆ ಲಿನಕ್ಸ್ ತೆರೆಯುವಾಗ ಒಂದೂವರೆ ನಿಮಿಷ ಸುಮ್ಮನೆ ಕಾಯುತ್ತದೆ. ತೆರೆಯುವಾಗ ಬಳಸಬೇಕಾದ ಪಾರ್ಟಿಷನ್‌ಗಳ ಪಟ್ಟಿಯಿರುವ ಎಫ್‌ಎಸ್‌ಟ್ಯಾಬ್ ಕಡತದಲ್ಲಿ ಆ ಸ್ವಾಪಿನ ಸಾಲಿನ ಮುಂದೆ ಒಂದು ಹ್ಯಾಶ್ ಗುರುತು ಹಾಕಿದರೆ ಆ ಕಾಯುವಿಕೆ ತಪ್ಪುತ್ತದೆ.