ಪ್ರಾಕ್ಸ್‌ಮಾಕ್ಸ್ ಸರ್ವರ್ ಮೇಲೇ ಡೆಸ್ಕ್‌ಟಾಪ್: ಎರಡು ವರ್ಷ ಬಳಸಿದ ಮೇಲೆ

ಬಸವನಗುಡಿಯ ನಮ್ಮ ಮನೆಯಲ್ಲಿ ಎರಡು ಕಂಪ್ಯೂಟರ್ ಇಡುವಷ್ಟು ಜಾಗ ಇಲ್ಲ. ಅದಕ್ಕೇ 2023ರ ಕೊನೆಯಲ್ಲಿ ಎಸ್.ಪಿ. ರೋಡ್‌ನಿಂದ ತಂದ 32 ಜಿಬಿ ಮೆಮೊರಿಯ ಹಳೇ ಪಿಸಿಗೆ ಪ್ರಾಕ್ಸ್‌ಮಾಕ್ಸ್ 8 (ಒಂದೇ ಯಂತ್ರದೊಳಗೆ ಹಲವು ವಿಎಂ, ಅಂದರೆ ವರ್ಚುವಲ್ ಕಂಪ್ಯೂಟರ್, ಓಡಿಸುವ ಸರ್ವರ್ ಸಾಫ್ಟ್‌ವೇರ್) ಹಾಕಿ, ಅದರ ಮೇಲೇ ಡೆಸ್ಕ್‌ಟಾಪ್, ಅಂದರೆ ಕಿಟಕಿ, ಮೌಸ್ ಇರುವ ಪರದೆ, ಕೂರಿಸಿದೆ. ಮನೆಗೆ ಇದು ಚೆನ್ನಾಗಿ ಒಗ್ಗಿದೆ. ಆಫೀಸ್ ಸರ್ವರ್‌ಗೆ ಮಾತ್ರ ಖಂಡಿತ ಬೇಡ.

ಪ್ರಾಕ್ಸ್‌ಮಾಕ್ಸ್ ಜೊತೆ ಡೆಸ್ಕ್‌ಟಾಪ್ ಬರುವುದಿಲ್ಲ. ಮಾನಿಟರ್ ಜೋಡಿಸಿದರೆ ಕಪ್ಪು ಪರದೆ, ಒಂದು ಲಾಗಿನ್ ಸಾಲು, ಅಷ್ಟೇ. ಬೇರೆ ಕಂಪ್ಯೂಟರ್‌ನ ಬ್ರೌಸರ್‌ನಲ್ಲಿ ಸರ್ವರ್‌ನ 8006 ಪೋರ್ಟ್, ಅಂದರೆ ಅದರ ನಿರ್ವಹಣೆಯ ಪುಟ, ತೆರೆದು ಕೆಲಸ ಮಾಡಬೇಕು. ಆದರೆ ಪ್ರಾಕ್ಸ್‌ಮಾಕ್ಸ್ 8ರ ಒಳಗಿರುವುದು ಡೆಬಿಯನ್ 12 ಅನ್ನುವ ಲಿನಕ್ಸ್ ಅಲ್ವಾ? ಎಕ್ಸ್‌ಎಫ್‌ಸಿಇ (ಹಗುರ ಡೆಸ್ಕ್‌ಟಾಪ್), ಲೈಟ್‌ಡಿಎಂ (ಲಾಗಿನ್ ಪರದೆ), ಕ್ರೋಮಿಯಂ (ಬ್ರೌಸರ್) ಮೂರೂ ಡೆಬಿಯನ್‌ನ ಪ್ಯಾಕೇಜ್ ಹಾಕುವ ಆಪ್ಟ್‌ನಲ್ಲೇ ಸಿಗುತ್ತವೆ. ಲಾಗಿನ್‌ಗೆ ರೂಟ್ (ಎಲ್ಲ ಅಧಿಕಾರವಿರುವ ಖಾತೆ) ಬಿಟ್ಟು ಬೇರೆ ಯೂಸರ್ ಮಾಡಿಕೊಳ್ಳಿ.

ಬ್ರೌಸರ್‌ನಲ್ಲಿ ಕನ್ನಡ ಪೇಪರ್ ತೆರೆದರೆ ಬರೀ ಚೌಕಗಳು. ಫಾಂಟ್ಸ್-ಕೆಎನ್‌ಡಿಎ ಪ್ಯಾಕೇಜ್ ಹಾಕಿದೆ. ಗುಬ್ಬಿ, ನವಿಲು ಅನ್ನುವ ಎರಡು ಫಾಂಟ್ ಬಂದವು. ಒತ್ತಕ್ಷರಗಳೆಲ್ಲ ನೆಟ್ಟಗೆ ಕೂತವು. ಆ ಹೆಸರಿಟ್ಟವರ ಮೇಲೆ ನನಗೆ ತುಂಬಾ ಪ್ರೀತಿ.

ನಿಜವಾದ ತೊಂದರೆ ಕೊಟ್ಟದ್ದು ಕಂಪ್ಯೂಟರ್‌ನ ನಿದ್ದೆ. ಶುರುವಿನಲ್ಲಿ ನಾನು ಹಾಕಿದ್ದು ಎಕ್ಸ್‌ಎಫ್‌ಸಿಇಗಿಂತ ದೊಡ್ಡದೊಂದು ಡೆಸ್ಕ್‌ಟಾಪ್. ಒಂದು ಬೆಳಿಗ್ಗೆ ಅಮ್ಮ, "ನೆಟ್ ಬರ್ತಿಲ್ಲ ಕಣೋ, ಸ್ವಲ್ಪ ನೋಡೋ" ಅಂದರು. ರೂಟರ್‌ನ ದೀಪಗಳೆಲ್ಲ ಸರಿಯಾಗಿಯೇ ಉರಿಯುತ್ತಿದ್ದವು. ಮೇಜಿನ ಕೆಳಗೆ ಬಗ್ಗಿ ನೋಡಿದರೆ ಪಿಸಿಯ ಫ್ಯಾನ್ ನಿಂತಿದೆ, ಪವರ್ ಬಟನ್ ಮಾತ್ರ ಮಿನುಗುತ್ತಿದೆ. ಯಾರೂ ಮುಟ್ಟದೆ ಇದ್ದದ್ದಕ್ಕೆ ಇಡೀ ಸರ್ವರ್ ಸಸ್ಪೆಂಡ್ ಆಗಿತ್ತು. ಮನೆಯ ಡಿಎನ್‌ಎಸ್ (ವೆಬ್‌ಸೈಟ್ ಹೆಸರಿಗೆ ವಿಳಾಸ ಹುಡುಕಿಕೊಡುವ ಸೇವೆ) ಅದರೊಳಗಿನ ಕಂಟೇನರ್‌ನಲ್ಲೇ, ಅಂದರೆ ವಿಎಂಗಿಂತ ಹಗುರವಾದ ಪ್ರತ್ಯೇಕ ಕೋಣೆಯಲ್ಲೇ, ಇದ್ದದ್ದರಿಂದ ಎಲ್ಲರ ಫೋನಿಗೂ ನೆಟ್ ಇಲ್ಲ. ಲಿನಕ್ಸ್‌ನ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿಯಲ್ಲಿ ಸ್ಲೀಪ್, ಸಸ್ಪೆಂಡ್, ಹೈಬರ್ನೇಟ್, ಹೈಬ್ರಿಡ್-ಸ್ಲೀಪ್ ನಾಲ್ಕೂ ಟಾರ್ಗೆಟ್‌ಗಳನ್ನು ಮಾಸ್ಕ್ ಮಾಡಿದೆ, ಅಂದರೆ ಶುರುವಾಗದಂತೆ ಪೂರ್ತಿ ತಡೆದೆ. ಆಮೇಲೆ ಒಂದು ಸಲವೂ ಹಾಗಾಗಿಲ್ಲ. ಡೆಸ್ಕ್‌ಟಾಪ್ ಹಾಕಿದ ದಿನವೇ ಇದನ್ನು ಮಾಡಿಬಿಡಿ.

ಇನ್ನೊಂದು ತೊಂದರೆ ಮೆಮೊರಿಯದು. ಹೋಸ್ಟ್‌ನ, ಅಂದರೆ ಪ್ರಾಕ್ಸ್‌ಮಾಕ್ಸ್ ಓಡುವ ಮೂಲ ಯಂತ್ರದ, ಬ್ರೌಸರ್‌ನಲ್ಲಿ ಟ್ಯಾಬ್ ಜಾಸ್ತಿಯಾಗಿ ರ‍್ಯಾಮ್ ಮುಗಿದರೆ ಕರ್ನಲ್ (ಲಿನಕ್ಸ್‌ನ ತಿರುಳು) ದೊಡ್ಡ ಪ್ರೋಸೆಸನ್ನು ನಿಲ್ಲಿಸುತ್ತದೆ. ಸಾಮಾನ್ಯವಾಗಿ ಆ ದೊಡ್ಡದು ನಿಮ್ಮ ವಿಎಂ ಆಗಿರುತ್ತದೆ. ಈಗ ಹೋಸ್ಟ್‌ನ ಕ್ರೋಮಿಯಂ ಬರೀ 8006ಕ್ಕೆ. ದಿನದ ಕೆಲಸವೆಲ್ಲ ಒಂದು ವಿಎಂನಲ್ಲಿ. ಅದನ್ನು ಸ್ಪೈಸ್ (ವಿಎಂನ ಪರದೆಯನ್ನು ತೋರಿಸುವ ವಿಧಾನ) ಮೂಲಕ ವರ್ಟ್-ವ್ಯೂವರ್ ಅನ್ನುವ ಆ್ಯಪ್‌ನಲ್ಲಿ ಪೂರ್ತಿ ಪರದೆಗೆ ತೆರೆಯುತ್ತೇನೆ.

2025ರ ಆಗಸ್ಟ್‌ನಲ್ಲಿ ಪ್ರಾಕ್ಸ್‌ಮಾಕ್ಸ್ 9 ಬಂತು, ಡೆಬಿಯನ್ 13ರ ಮೇಲೆ. ಸ್ವಲ್ಪ ದಿನ ಬಿಟ್ಟು, ಬ್ಯಾಕಪ್ ತೆಗೆದು, ಅಪ್‌ಗ್ರೇಡ್‌ಗೆ ಮುಂಚೆ ತೊಂದರೆಗಳನ್ನು ಹುಡುಕುವ ಪಿವಿಇ8ಟು9 ಸ್ಕ್ರಿಪ್ಟ್ ಓಡಿಸಿ ಅಪ್‌ಗ್ರೇಡ್ ಮಾಡಿದೆ. ಡೆಸ್ಕ್‌ಟಾಪ್ ಪ್ಯಾಕೇಜ್‌ಗಳೂ ಸೇರಿ ಪಟ್ಟಿ ಉದ್ದವಾಗಿತ್ತು. ಎಂಟರ್ ಒತ್ತುವ ಮೊದಲು ಪಟ್ಟಿ ಪೂರ್ತಿ ಓದಿ. ತೆಗೆಯುವ ಸಾಲಿನಲ್ಲಿ ಪ್ರಾಕ್ಸ್‌ಮಾಕ್ಸ್-ವಿಇ (ಪ್ರಾಕ್ಸ್‌ಮಾಕ್ಸ್‌ನ ಮುಖ್ಯ ಪ್ಯಾಕೇಜ್) ಕಂಡರೆ ಅಲ್ಲೇ ನಿಲ್ಲಿಸಿ.