ಚುನಾವಣೆ ಫಲಿತಾಂಶದ ಬೇಸರದಲ್ಲಿ ಬಳಸಿದ ಡಿಜಿಟಲ್ ವೆಲ್‌ಬೀಯಿಂಗ್: ನನ್ನ ಅನಿಸಿಕೆ

ನಾವು ಬಯಸಿದ ಪಕ್ಷ ದೇಶದ ಚುನಾವಣೆಯಲ್ಲಿ ಸೋತಾಗ ಆಗುವ ಬೇಸರ ಸಣ್ಣದಲ್ಲ. ಆದರೆ ಅದನ್ನು ಜಾಸ್ತಿ ಮಾಡುವುದು ಫೋನು. ಅದೇ ಅಂಕಿಗಳು, ಅದೇ ಚರ್ಚೆ, ಗೆದ್ದವರ ಗೇಲಿ, ಎಲ್ಲವನ್ನೂ ಮತ್ತೆ ಮತ್ತೆ ನೋಡುತ್ತಾ ಕೂರುತ್ತೇವೆ, ಅಲ್ವಾ?

ಆಂಡ್ರಾಯ್ಡ್‌ನಲ್ಲಿ 2018ರಿಂದ ಇರುವ, ಫೋನ್ ಬಳಕೆಗೆ ಮಿತಿ ಹಾಕಿಕೊಳ್ಳುವ ಸೌಲಭ್ಯವಾದ ಡಿಜಿಟಲ್ ವೆಲ್‌ಬೀಯಿಂಗ್ ನನಗೆ ನೆರವಾಗಿದ್ದು ಇಲ್ಲೇ. ಪ್ರತಿ ಆ್ಯಪ್‌ಗೂ ದಿನಕ್ಕಿಷ್ಟು ಹೊತ್ತು ಅಂತ ಟೈಮರ್ ಇಡಬಹುದು, ಹೊತ್ತು ಮುಗಿದರೆ ಆ್ಯಪ್ ಮುಚ್ಚಿಕೊಳ್ಳುತ್ತದೆ, ಅದರ ಚಿತ್ರ ಬೂದು ಬಣ್ಣಕ್ಕೆ ತಿರುಗುತ್ತದೆ, ಮತ್ತೆ ತೆರೆದುಕೊಳ್ಳುವುದು ಮಧ್ಯರಾತ್ರಿ ದಾಟಿದ ಮೇಲೆಯೇ. ಫೋಕಸ್ ಮೋಡ್ ಇನ್ನೂ ಒಳ್ಳೆಯದು. ಅದನ್ನು ಆನ್ ಮಾಡಿದರೆ ನಾವು ಆರಿಸಿದ ಆ್ಯಪ್‌ಗಳು ತೆರೆಯುವುದಿಲ್ಲ, ಅವುಗಳ ನೋಟಿಫಿಕೇಶನ್ ಕೂಡ ನಿಲ್ಲುತ್ತದೆ. ಸುದ್ದಿ ಆ್ಯಪ್‌ಗಳನ್ನೆಲ್ಲ ಅದರಲ್ಲಿ ಹಾಕಿದೆ, ನಿದ್ದೆ ಸರಿಹೋಯಿತು.

ಟೈಮರ್ ತೆಗೆಯುವುದು ಸುಲಭ, ಹಾಗಾಗಿ ಗಟ್ಟಿ ಮನಸ್ಸು ಬೇಕೇ ಬೇಕು. ಬೇಸರವನ್ನೂ ಅದು ಕಳೆಯುವುದಿಲ್ಲ. ಅದಕ್ಕೆ ನಮ್ಮಂತೆಯೇ ನೊಂದವರ ಜೊತೆ ಕೂತು ಮಾತಾಡಬೇಕು.

ಮನಶ್ಶಾಸ್ತ್ರಜ್ಞ ಡೇನಿಯಲ್ ಗಿಲ್ಬರ್ಟ್ ಮತ್ತು ಸಂಗಡಿಗರು 1994ರ ಅಮೆರಿಕದ ಟೆಕ್ಸಾಸ್ ಗವರ್ನರ್ ಚುನಾವಣೆಯ ಮತದಾರರನ್ನು ಮಾತಾಡಿಸಿದ್ದರು. ಸೋತ ಕಡೆಯವರು ತಿಂಗಳಾದ ಮೇಲೂ ದುಃಖದಲ್ಲೇ ಇರುತ್ತೇವೆ ಅಂದುಕೊಂಡಿದ್ದರು, ಹಾಗಾಗಲಿಲ್ಲ. ಅದು ರಾಜ್ಯದ ಚುನಾವಣೆ, ನಿಜ, ಆದರೂ ಓದಿ ಧೈರ್ಯ ಬಂತು.

ಫಲಿತಾಂಶದ ಮೊದಲ ವಾರಕ್ಕಂತೂ ಡಿಜಿಟಲ್ ವೆಲ್‌ಬೀಯಿಂಗ್‌ನ ಟೈಮರ್ ಖಂಡಿತ ಹಾಕಿಕೊಳ್ಳಿ. ಆಮೇಲೆ ಟೈಮರ್ ಸಡಿಲಿಸಿ, ಯಾಕಂದ್ರೆ ಹೊಸ ಸರ್ಕಾರ ಏನು ಮಾಡುತ್ತಿದೆ ಅಂತ ಸೋತವರೂ ಗಮನಿಸಬೇಕು.